ಳ ಇಲ್ಲದ ಅಳಿಯ

ಅಪ್ಪ ಅವ್ವ ಇಟ್ಟ ಹೆಸರಿಗೆ ನಾವು ಹೊಣೆಯಲ್ಲ. ಓಣಿಯವರು ಇಟ್ಟ ಅಡ್ಡಹೆಸರಿಗಂತೂ ಅಲ್ಲವೇ ಅಲ್ಲ. ಆದರೆ ಫೋನಿನಲ್ಲಿ ಒಂದು ಖಾತೆ ತೆರೆಯುವಾಗ ‘ನಿಮ್ಮ ಯೂಸರ್‌ನೇಮ್ ಆರಿಸಿಕೊಳ್ಳಿ’ ಎಂದು ಅದು ಕೇಳುತ್ತದಲ್ಲ, ಆಗ ನಾವು ಬರೆಯುವ ಹೆಸರಿಗೆ ಮಾತ್ರ ಪೂರ್ತಿ ಹೊಣೆ ನಮ್ಮದೇ. ಆ ಹೊಣೆಯನ್ನು ನಾನು ಅತ್ಯಂತ ಘನತೆಯಿಂದ ನಿರ್ವಹಿಸಿದ್ದೇನೆ ಎಂಬ ವಿಶ್ವಾಸ ನನಗಿತ್ತು. ಜನರೆಲ್ಲ ತಮ್ಮ ಹೆಸರಿಗೆ ಹುಟ್ಟಿದ ವರ್ಷವನ್ನೋ ಹುಲಿ ಸಿಂಹವನ್ನೋ ಅಂಟಿಸಿಕೊಂಡು ಒದ್ದಾಡುತ್ತಿರುವಾಗ, ನಾನು ಎರಡೇ ಪದಗಳಲ್ಲಿ ನನ್ನ ಇಡೀ ಸಾಮಾಜಿಕ ಸ್ಥಾನಮಾನವನ್ನು ಬರೆದುಬಿಟ್ಟಿದ್ದೆ.

ಗಂಗಾವತಿ ಅಳಿಯ!

ಇದರ ಹಿಂದಿನ ಗೌರವ ನಿಮಗೆ ತಿಳಿಯಬೇಕಾದರೆ ನನ್ನ ಅತ್ತೆ ನೀಲಮ್ಮನವರ ಮನೆಯ ಪದ್ಧತಿ ತಿಳಿಯಬೇಕು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯಳ ಗಂಡ ಕುಷ್ಟಗಿಯವರು. ಹಾಗಾಗಿ ಆ ಮನೆಯಲ್ಲಿ ಅವರು ‘ಕುಷ್ಟಗಿ ಅಳಿಯ’. ನಾನು ಕಿರಿಯಳಾದ ಗಿರಿಜಾಳ ಗಂಡ, ಕೊಪ್ಪಳದವನು. ನಿಯಮದ ಪ್ರಕಾರ ನಾನು ‘ಕೊಪ್ಪಳ ಅಳಿಯ’ ಆಗಬೇಕಿತ್ತು. ಆದರೆ ಅತ್ತೆ ನನಗಾಗಿ ನಿಯಮವನ್ನೇ ಮುರಿದರು. ತಮ್ಮ ಸ್ವಂತ ಊರನ್ನೇ ತೆಗೆದು ನನ್ನ ತಲೆಯ ಮೇಲಿಟ್ಟರು. ಕುಷ್ಟಗಿಯವರಿಗೆ ಈ ಭಾಗ್ಯ ಇವತ್ತಿಗೂ ಸಿಕ್ಕಿಲ್ಲ. ಅವರನ್ನು ಕಂಡಾಗಲೆಲ್ಲ ನನಗೆ ಕನಿಕರ.

ಈ ಹೆಸರು ಅತ್ತೆಯ ಬಾಯಿಂದ ಮೊದಲು ಬಂದದ್ದು ಯಾವಾಗ ಎಂದು ಕೇಳಿದರೆ ಮಾತ್ರ ನನ್ನ ಉತ್ತರ ಗಟ್ಟಿಯಿಲ್ಲ. ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಒಬ್ಬನೇ ಸಾಕ್ಷಿಯನ್ನು ನಂಬಬೇಡಿ, ಅದರಲ್ಲೂ ತನ್ನ ಬಗ್ಗೆ ತಾನೇ ಹೇಳುವ ಸಾಕ್ಷಿಯನ್ನು ನಂಬಲೇಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಲೇ ಬಂದಿದ್ದೇನೆ. ಹಾಗಾಗಿ ದಿನಚರಿಯನ್ನೂ ಇಡುತ್ತೇನೆ. ದುರ್ದೈವವೆಂದರೆ ಗಂಗಾವತಿಯಲ್ಲಿ ಕಳೆದ ದಿನಗಳ ಪುಟಗಳಲ್ಲೆಲ್ಲ ಬರೀ ಊಟದ ವರ್ಣನೆ ಇದೆ. ಅತ್ತೆ ಹಬ್ಬದ ದಿನ ಮನೆತುಂಬ ಜನರ ಎದುರು ಹೆಮ್ಮೆಯಿಂದ ಆ ಹೆಸರು ಹೇಳಿ ಕರೆದರು ಎಂಬುದು ನನ್ನ ನೆನಪು. ‘ಮನೆತುಂಬ ಜನ’ ಎಂಬುದನ್ನು ನಾನೇ ಆಮೇಲೆ ಸೇರಿಸಿಕೊಂಡೆನೇನೋ. ‘ಹೆಮ್ಮೆಯಿಂದ’ ಎಂಬುದು ಮಾತ್ರ ಖಚಿತ.

ಶನಿವಾರ ಕಾಲೇಜು ಮುಗಿಯುತ್ತಲೇ ಗಂಗಾವತಿ ಬಸ್ ಹತ್ತಿದರೆ ನಾನು ಮರಳುವುದು ಸೋಮವಾರ ಬೆಳಿಗ್ಗೆಯೇ. ಹಬ್ಬ, ಜಯಂತಿ, ಮುಷ್ಕರ ಏನೇ ರಜೆ ಸಿಕ್ಕರೂ ಸೀದಾ ಅಲ್ಲಿಗೇ. ಗಿರಿಜಾಳಿಗೆ ಮನೆಯಲ್ಲಿ ಹೊಲಿಗೆ ಕೆಲಸ, ಅವಳು ಬರುವುದು ಅಪರೂಪ. ಚೀಲಕ್ಕೆ ನನ್ನ ಬನಿಯನ್ ತುರುಕುತ್ತ ಕೇಳುತ್ತಾಳೆ: “ಹೊಂಟ್ರೇನು ತವರಮನಿಗೆ?”

ಅತ್ತೆಯ ಮನೆ ಹಿಟ್ಟಿನ ಗಿರಣಿಯ ಬಾಜೂ. ಆ ಓಣಿಯಲ್ಲಿ ನೀಲಮ್ಮನ ಊಟವೆಂದರೆ ದೊಡ್ಡ ಹೆಸರು. ಅವರ ಹಸಿರು ಬಾಗಿಲಿನಿಂದ ಹಸಿದು ಹೋದವರಿಲ್ಲ. ಅದೊಂದು ಮಾತು ಓಣಿಯಲ್ಲಿ ಉಳಿದರೆ ಸಾಕು, ಅವರಿಗೆ ಬೇರೆ ಯಾವ ಬಂಗಾರವೂ ಬೇಡ. ಮಾವನವರು ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದು ಈಗ ಮನೆಯಲ್ಲಿರುವವರು. ಮಾತು ಬಹಳ ಕಡಿಮೆ. ಆದರೆ ಬಸ್ಸುಗಳ ಮೇಲೆ ಅವರಿಗೆ ಅಪಾರ ಆಸಕ್ತಿ. ಪ್ರತಿ ರವಿವಾರ ಸಂಜೆ ಕಟ್ಟೆಯ ಮೇಲೆ ಕೂತು, “ಕೊಪ್ಪಳ ಬಸ್ಸು ಹೋತು ನೋಡ್ರಿ” ಎನ್ನುತ್ತಾರೆ. “ಹೋಗ್ಲಿ ಬಿಡ್ರಿ ಮಾವಾರ, ಇನ್ನೊಂದು ಬರ್ತೈತಿ” ಎಂದು ನಾನು ಸಮಾಧಾನ ಹೇಳುತ್ತೇನೆ. ಸಾರಿಗೆಯ ಬಗ್ಗೆ ಇಷ್ಟು ಕಾಳಜಿ ಇರುವ ಇನ್ನೊಬ್ಬ ನಾಗರಿಕನನ್ನು ನಾನು ಕಂಡಿಲ್ಲ.

ಇನ್ನು ಫೋನಿನ ವಿಷಯ. ನಮ್ಮ ನಾಲ್ಕು ತಾಲೂಕಿನ ತಿಂಡಿಪೋತರು ಸೇರಿ ಕಟ್ಟಿಕೊಂಡ ಒಂದು ಗುಂಪಿದೆ. ಹೆಸರು ‘ಒಗ್ಗರಣಿ ಮಿರ್ಚಿ’. ಅಲ್ಲಿ ಯಾರ ನಿಜ ಹೆಸರೂ ಕಾಣುವುದಿಲ್ಲ, ನಂಬರೂ ಕಾಣುವುದಿಲ್ಲ. ಯೂಸರ್‌ನೇಮ್ ಒಂದೇ. ಧ್ವನಿ ಸಂದೇಶ ನಿಷಿದ್ಧ. ಯಾಕೆಂದರೆ ಕುಷ್ಟಗಿಯ ವೀರೇಶ ಎಂಬ ಸದಸ್ಯರು (ನಮ್ಮ ಕುಷ್ಟಗಿ ಅಳಿಯ ಅಲ್ಲ; ಹೆಸರು ತಿಳಿದದ್ದೂ ಆಮೇಲೆ) ಒಮ್ಮೆ ಸೊಳ್ಳೆಯ ಗುಂಯ್‌ಗುಡುವ ಸದ್ದನ್ನು ಮುದ್ರಿಸಿ ಕಳಿಸಿ, ‘ಇದು ಬೇಕೋ, ನಮ್ಮ ಪರದೆ ಬೇಕೋ’ ಎಂದು ಕೇಳಿದ್ದರು. ಅವರು ಸೊಳ್ಳೆ ಪರದೆಯ ವ್ಯಾಪಾರಿ.

ಎಲ್ಲರೂ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತಾರೆ. ನನ್ನ ಅಧಃಪತನದ ಬೀಜ ಇಲ್ಲಿದೆ. ಇಂಗ್ಲಿಷಿನವರಿಗೆ ‘ಳ’ ಇಲ್ಲ. ಪಾಪ, ಅವರು ಅದಿಲ್ಲದೆಯೇ ಇಡೀ ಜಗತ್ತನ್ನು ಆಳಿದರು. ನಾನು ಎ, ಎಲ್, ಐ, ವೈ, ಎ ಎಂದು ಬರೆದು ‘ಅಳಿಯ’ ಎಂದು ಓದಿಕೊಂಡೆ. ಉಳಿದವರೆಲ್ಲ ಓದಿಕೊಂಡದ್ದು ‘ಆಲಿಯಾ’!

ಈ ಸಂಗತಿ ನನಗೆ ತಿಳಿದದ್ದು ಕೊನೆಯಲ್ಲಿ. ನಿಮಗೆ ಈಗಲೇ ಹೇಳುತ್ತಿದ್ದೇನೆ. ನನಗಾದ ಗತಿ ನಿಮಗಾಗುವುದು ಬೇಡ.

ಅಲ್ಲಾ, ಬರೆದದ್ದನ್ನು ಓದಿದರೆ ಗಂಡೋ ಹೆಣ್ಣೋ ತಿಳಿಯುವುದಿಲ್ಲವೇ ಎಂದು ನೀವು ಕೇಳಬಹುದು. ತಿಳಿಯುವುದಿಲ್ಲ. ನಾನು ಬಂದೆ, ನಾನು ಉಂಡೆ, ನಾನು ಮಲಗಿದೆ. ಕನ್ನಡ ವ್ಯಾಕರಣ ಈ ಗುಟ್ಟನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಗುಂಪನ್ನು ನಡೆಸುವವರು ಯಲಬುರ್ಗಾದ ಶಮೀಮ್ ಬಾನು. ನಿವೃತ್ತ ಶಿಕ್ಷಕಿ. ಅವರ ಯೂಸರ್‌ನೇಮ್ ‘ಯೆಸ್ ಟೀಚರ್’. ಒಂದು ದಿನ ಅವರು ಎಲ್ಲರಿಗೂ ಅಪ್ಪಣೆ ಕೊಟ್ಟರು: ನಿಮ್ಮ ನಿಮ್ಮ ಹೆಸರಿನ ಹಿಂದಿನ ಕಥೆ ಬರೆಯಿರಿ, ಖರೇ ಇರಬೇಕು. ತಮ್ಮದನ್ನೇ ಮೊದಲು ಬರೆದರು. ಸೇವೆಯಲ್ಲಿದ್ದಷ್ಟು ದಿನ ಹಾಜರಿ ಕರೆದಾಗಲೆಲ್ಲ ಮಕ್ಕಳು ‘ಯೆಸ್ ಟೀಚರ್’ ಎನ್ನುತ್ತಿದ್ದರಂತೆ. ನಿವೃತ್ತಿಯ ಮರುದಿನ ಬೆಳಿಗ್ಗೆ ಮನೆಯಲ್ಲಿ ಯಾರೂ ಹಾಗೆನ್ನಲಿಲ್ಲ. ಅದಕ್ಕೇ ಆ ಹೆಸರು. ಈಗ ಅವರನ್ನು ಕರೆಯಬೇಕಾದವರೆಲ್ಲ ಹಾಗೇ ಕರೆಯಬೇಕು.

ವೀರೇಶರ ಹೆಸರು ‘ಸೈಲೆಂಟ್ ಕಿಲ್ಲರ್’. ನಾವೆಲ್ಲ ಅವರಿಗೆ ಸ್ವಲ್ಪ ಹೆದರುತ್ತಿದ್ದೆವು. ಅದು ಅವರ ಅಂಗಡಿಯ ಹೊಸ ಪರದೆಯ ಹೆಸರಂತೆ. ‘ಸಾಣಾಪುರದ ಮೀನು’ ಎಂಬ ಹೆಣ್ಣುಮಗಳು ಸಾಣಾಪುರದ ಕೆರೆಯಲ್ಲಿ ಹರಿಗೋಲಿನಿಂದ ಬಿದ್ದು, ಕಾಪಾಡಿ ಕಾಪಾಡಿ ಎಂದು ಕೂಗಿ, ಕೊನೆಗೆ ಎದ್ದು ನಿಂತಾಗ ನೀರು ಮೊಣಕಾಲಿಗೆ ಬಂದಿತ್ತಂತೆ. ಹೆಸರಿಟ್ಟದ್ದು ಹರಿಗೋಲಿನವನು.

ಇಂಥ ಹಾಸ್ಯದ ಹೆಸರುಗಳ ನಡುವೆ ನನ್ನದೊಂದೇ ಭಾವಪೂರ್ಣ ಎನಿಸಿತು. ಸಾಹಿತ್ಯದ ಸ್ಪರ್ಶ ಕೊಟ್ಟು ಹೀಗೆ ಬರೆದೆ:

‘ಈ ಹೆಸರು ಅತ್ತೆ ಕೊಟ್ಟದ್ದು. ಮದುವೆಯಾಗಿ ಆ ಮನೆಯ ಹೊಸ್ತಿಲು ತುಳಿದ ದಿನವೇ ನನ್ನ ಹಳೆಯ ಹೆಸರು ಸತ್ತಿತು. ಅಲ್ಲಿ ಯಾರೂ ಅದನ್ನು ಇಂದಿಗೂ ಉಚ್ಚರಿಸುವುದಿಲ್ಲ. ಸಾಕು ಸಾಕು ಎಂದು ಕೈ ಅಡ್ಡ ಹಿಡಿದರೆ ಅತ್ತೆ ಕೈಯ ಮೇಲೆಯೇ ಬಿಸಿ ತುಪ್ಪ ಸುರಿಯುತ್ತಾರೆ. ಹೊರಟು ನಿಂತರೆ ಚೀಲ ಬಚ್ಚಿಡುತ್ತಾರೆ. ಎಷ್ಟೋ ಸಲ ಕಣ್ಣಲ್ಲಿ ನೀರು ಬಂದಿದೆ. ಇಂಥ ಅತ್ತೆ ಸಿಗಬೇಕಾದರೆ ಅದೆಷ್ಟು ಪುಣ್ಯ ಮಾಡಿದ್ದೆನೋ!’

ರೊಟ್ಟಿ ಬಡಿಯುತ್ತಿದ್ದ ಗಿರಿಜಾಳಿಗೆ ಗಟ್ಟಿಯಾಗಿ ಓದಿ ಹೇಳಿದೆ.

“ಛಲೋ ಬರದೀರಿ” ಎಂದಳು. “ಆದ್ರ ನಮ್ಮವ್ವ ನಿಮ್ಮ ಚೀಲ ಯಾವಾಗ ಬಚ್ಚಿಟ್ಟಿದ್ಲು?”

“ಯುಗಾದಿಗೆ. ನಿನಗ ನೆನಪಿಲ್ಲ.”

“ನನಗ ನೆನಪೈತಿ. ಅದಕ್ಕ ಕೇಳಾಕತ್ತೀನಿ.”

ಇತಿಹಾಸದಲ್ಲಿ ಭಿನ್ನಾಭಿಪ್ರಾಯ ಸಹಜ ಎಂದು ಹೇಳಿ ಕಳಿಸುವ ಗುಂಡಿ ಒತ್ತಿದೆ.

ಪ್ರತಿಕ್ರಿಯೆಗಳ ಮಳೆ! ಎಲ್ಲವೂ ಅಳುವ ಮುಖಗಳು. ನನ್ನ ಬರಹಕ್ಕೆ ಜನ ಅಳುತ್ತಾರೆಂದು ನನಗೆ ಮೊದಲಿನಿಂದ ಅನುಮಾನವಿತ್ತು. ‘ಧೈರ್ಯ ತಗೋ ಆಲಿಯಾ, ನಾವದೀವಿ’ ಎಂದು ಒಬ್ಬರು ಬರೆದಿದ್ದರು. ನಾನು ಅದನ್ನು ‘ಧೈರ್ಯ ತಗೋ ಅಳಿಯಾ’ ಎಂದು ಓದಿ, ನಾಲ್ಕು ತಾಲೂಕೂ ನನ್ನನ್ನು ಅಳಿಯನಾಗಿ ಸ್ವೀಕರಿಸಿತಲ್ಲಾ ಎಂದು ಉಬ್ಬಿಹೋದೆ. ಸಾಣಾಪುರದ ಮೀನು ಬರೆದಿದ್ದಳು: ‘ನಮ್ಮತ್ತಿನೂ ಹಿಂಗ ಇದ್ಲು. ಈಗ ಸುಧಾರಿಸ್ಯಾಳ.’ ಪಾಪ, ಸಕ್ಕರೆ ಕಾಯಿಲೆ ಬಂದು ಅವಳ ಅತ್ತೆಯ ಕೈ ಬಿಗಿಯಾಗಿರಬೇಕು ಎಂದು ಮರುಗಿದೆ.

ಸಂಜೆ ಯೆಸ್ ಟೀಚರ್ ಖಾಸಗಿಯಾಗಿ ಕೇಳಿದರು: ‘ಗಾಯ ಆಗೇತೇನು?’

ತುಪ್ಪ ಹೆಚ್ಚಾಗಿ ಆಗುವ ಎದೆಯುರಿಯನ್ನು ನೆನೆದು ಬರೆದೆ: ‘ಹೊರಗೆ ಏನೂ ಕಾಣುವುದಿಲ್ಲ. ಉರಿಯೆಲ್ಲ ಒಳಗೇ.’

‘ಮನಿಯವರು ಏನಂತಾರ?’

‘ಮನೆಯವರು ನಕ್ಕು ಸುಮ್ಮನಾಗುತ್ತಾರೆ. ಅವರಿಗೆ ಇದು ಹೊಸದಲ್ಲ.’

‘ತವರಮನಿಗೆ ಹೋಗಬಾರದೇನು?’

ಗಿರಿಜಾಳ ಕುಚೋದ್ಯ ಇವರಿಗೆ ಹೇಗೆ ಗೊತ್ತಾಯಿತು ಎಂದು ಸೋಜಿಗಪಟ್ಟು ಉತ್ತರಿಸಿದೆ: ‘ಇದನ್ನೇ ತವರು ಅಂದುಕೊಂಡಿದ್ದೇನೆ.’

ಆಮೇಲೆ: ‘ಮನಿ ಎಲ್ಲಿ ಹೇಳು. ರವಿವಾರ ನಾ ಬರ್ತೀನಿ.’

ನನಗೆ ಹಿಗ್ಗೋ ಹಿಗ್ಗು. ಅತ್ತೆಯ ಅನ್ನದಾನವನ್ನು ಕಣ್ಣಾರೆ ಕಂಡು ಕೊಂಡಾಡಲು ಯಲಬುರ್ಗಾದಿಂದ ಒಬ್ಬ ಶಿಕ್ಷಕಿ ಬರುತ್ತಿದ್ದಾರೆ! ಹಿಟ್ಟಿನ ಗಿರಣಿ, ಹಸಿರು ಬಾಗಿಲು, ಎಲ್ಲ ವಿವರವಾಗಿ ಬರೆದೆ. ಕೊನೆಗೆ ಒಂದು ಸಾಲು ಸೇರಿಸಿದೆ. ಅತ್ತೆಗೆ ಅನಿರೀಕ್ಷಿತ ಸಂತೋಷ ಕೊಡಬೇಕೆಂಬ ಒಳ್ಳೆಯ ಉದ್ದೇಶದಿಂದ.

‘ನೀವು ಬರುವುದು ಅತ್ತೆಗೆ ಗೊತ್ತಾಗಬಾರದು!’

ಇದಾದ ಮೇಲೆ ಅವರು ಒಬ್ಬರೇ ಬಂದಾರೆಯೇ? ‘ಆಲಿಯಾಳನ್ನು ಕರೆತರಲು ಹೋಗುತ್ತಿದ್ದೇನೆ, ಗಿರಣಿ ಬಾಜೂ ಹಸಿರು ಬಾಗಿಲು’ ಎಂದು ನಾನಿಲ್ಲದ ಇನ್ನೊಂದು ಗುಂಪು ಮಾಡಿ ಎಲ್ಲರಿಗೂ ತಿಳಿಸಿಬಿಟ್ಟಿದ್ದರು.

ಆ ರವಿವಾರದ ಮೊದಲ ಭಾಗದಲ್ಲಿ ನಾನು ಉಂಡು ಮಲಗಿದ್ದೆ. ಮುಂದಿನದು ಸ್ಥಳದಲ್ಲಿದ್ದವರೆಲ್ಲ ಒಂದೇ ರೀತಿ ಹೇಳಿದ್ದು. ನಾನು ನಿದ್ದೆಯಲ್ಲಿದ್ದೆನಾದ್ದರಿಂದ ಈ ಇಡೀ ಬರಹದಲ್ಲಿ ಪೂರ್ತಿ ನಂಬಬಹುದಾದ ಭಾಗ ಇದೊಂದೇ.

ಗಿರಣಿ ಗಡಗಡ ಓಡುತ್ತಿತ್ತು. ಅತ್ತೆ ಕಟ್ಟೆಯ ಮೇಲೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಪಕ್ಕದಲ್ಲಿ ಮಾವ. ಆ ವಾರ ನನ್ನ ಜೊತೆ ಬಂದಿದ್ದ ಗಿರಿಜಾ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಆಗ ಸೊಳ್ಳೆ ಪರದೆಯ ಚಿತ್ರವಿದ್ದ ಒಂದು ವ್ಯಾನು ಬಂದು ನಿಂತಿತು. ಅದರಿಂದ ಶಮೀಮ್ ಟೀಚರ್ ಇಳಿದರು. ಬೆನ್ನಿಗೆ, ತೋಳು ಮಡಚಿಕೊಳ್ಳುತ್ತ, ಸೈಲೆಂಟ್ ಕಿಲ್ಲರ್.

“ಆಲಿಯಾ ಅದಾರೇನ್ರಿ?” ಟೀಚರ್ ಗಿರಣಿಯ ಸದ್ದಿಗಿಂತ ಮೇಲೆ ಕೂಗಿದರು.

“ಅಳಿಯಾರು? ಅದಾರ ಬರ್ರಿ. ಒಳಗ ಮಲಗ್ಯಾರ.”

“ಈ ಹೊತ್ತಿನ್ಯಾಗ? ಆರಾಮ ಇಲ್ಲೇನು?”

“ಏಳಾಕ ಆಗವಲ್ದ್ರಿ ಅವರಿಗೆ. ಇವತ್ತ ಸ್ವಲ್ಪ ಹೆಚ್ಚಾಗೇತಿ.”

ಟೀಚರ್ ಎದೆಯ ಮೇಲೆ ಕೈಯಿಟ್ಟುಕೊಂಡರು. ವೀರೇಶ ಮುಂದೆ ಬಂದರು. “ಕ್ವಾಣಿ ಬಾಗಲಾ ಹಾಕೀರೇನು?”

“ಹೂನ್ರಿ, ನಾನ ಹಾಕೀನಿ. ತೆಗದಿಟ್ರ ಮಂದಿ ನೋಡ್ತಾರ. ಮೈಮ್ಯಾಲ ಅರಿವಿ ಖಬರ ಇರಂಗಿಲ್ಲ.”

“ಯಾ ಅಲ್ಲಾ!” ಎಂದರು ಟೀಚರ್. “ನೋಡವ್ವಾ, ನೀವೂ ಹೆಣ್ಣುಮಕ್ಕಳನ್ನ ಹಡದೋರು. ಅವರನ್ನ ಯಾಕ ಹಿಂಗ ಹಿಡಕೊಂಡು ಕುಂತೀರಿ? ಬಿಟ್ಟುಬಿಡ್ರಿ.”

“ನಾ ಎಲ್ಲಿ ಹಿಡಕೊಂಡೀನ್ರೀ?” ಅತ್ತೆ ಮೊರವನ್ನು ಕೆಳಗಿಟ್ಟರು. “ಅವರಾ ಹೋಗವಲ್ರು!”

“ಕೊಪ್ಪಳ ಬಸ್ಸು ಈಗ ಹೋತು” ಎಂದರು ಮಾವ, ಯಾರೂ ಕೇಳದಿದ್ದರೂ.

“ಕೈಮ್ಯಾಲ ಬಿಸಿ ತುಪ್ಪ ಸುರದದ್ದು ಖರೇನೋ ಸುಳ್ಳೋ? ಅದೊಂದು ಹೇಳ್ರಿ.”

“ಸುರದೀನ್ರಿ. ವಾರಾ ಸುರೀತೀನಿ. ಅದ್ರಾಗ ಏನೈತಿ?”

ಈ ಮಾತಿಗೆ ಎದುರುಮನೆಯವರು ಹೊರಗೆ ಬಂದರು. ಹಿಟ್ಟು ಹಾಕಿಸಲು ಬಂದವರು ಡಬ್ಬಿ ಬಿಟ್ಟು ಬಂದರು. ‘ನೀಲಮ್ಮ ಸೊಸಿ ಕೈ ಸುಟ್ಟಾಳಂತ’ ಎಂಬ ಸುದ್ದಿ ಓಣಿಯ ಆ ತುದಿ ಮುಟ್ಟಿ ಈ ತುದಿಗೆ ವಾಪಸು ಬಂತು. ಎದುರುಮನೆಯ ಅನಸೂಯಮ್ಮ, “ನಾ ಆವತ್ತ ಅಂದಿದ್ದೆ” ಎಂದರು. ಆವತ್ತು ಅವರು ಏನೂ ಅಂದಿರಲಿಲ್ಲ. ನನ್ನ ಹಾಗೆ ಅವರಿಗೂ ನೆನಪಿನ ತೊಂದರೆ ಇರಬೇಕು.

ಅತ್ತೆ ಎದ್ದು ನಿಂತರು. “ಸೊಸಿ? ಯಾರ ಸೊಸಿ? ನನಗ ಗಂಡಮಕ್ಕಳ ಇಲ್ಲ, ಸೊಸಿನ ಎಲ್ಲಿಂದ ತರ್ಲಿ?”

ಗಲಾಟೆ ಕೇಳಿ ಗಿರಣಿಯವನು ಗಿರಣಿ ನಿಲ್ಲಿಸಿದ. ಆ ಸದ್ದಿಲ್ಲದೆ ನನಗೆ ನಿದ್ದೆ ಬರುವುದಿಲ್ಲ. ಎಚ್ಚರವಾಯಿತು. ಲುಂಗಿ ಸರಿಮಾಡಿಕೊಂಡು, ಬನಿಯನ್ ಮೇಲೆ ಟವೆಲು ಹೊದ್ದು, ಹೊಟ್ಟೆ ಸವರುತ್ತ ಹೊರಗೆ ಬಂದೆ.

“ಏನತ್ತೀ ಗದ್ಲಾ?”

ವೀರೇಶ ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಇಣುಕಿದರು. “ಆಲಿಯಾ ಎಲ್ಲಿ?”

“ನಾನ ರೀ ಅಳಿಯ.”

ಅವರು ನನ್ನ ಮೀಸೆಯನ್ನು ನೋಡಿದರು. ಹೊಟ್ಟೆಯನ್ನು ನೋಡಿದರು. “ಅಣ್ಣಾರ, ಚ್ಯಾಷ್ಟಿ ಬ್ಯಾಡ. ಗಂಗಾವತಿ ಆಲಿಯಾ ಎಲ್ಲಿ?”

“ಗಂಗಾವತಿ ಅಳಿಯ ನಾನ ರೀ! ಕೇಳ್ರಿ ಬೇಕಾದ್ರ ನಮ್ಮತ್ತಿನ್ನ!”

ಶಮೀಮ್ ಟೀಚರ್ ಕನ್ನಡಕ ಮೇಲೇರಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಓದಿದರು. ಆಮೇಲೆ ನಿಧಾನವಾಗಿ ಕೇಳಿದರು:

“ಅಳಿಯ? ಳ?”

“ಯೆಸ್ ಟೀಚರ್” ಎಂದೆ.

ಅವರು ಕಟ್ಟೆಯ ಮೇಲೆ ಕುಸಿದು ಕೂತರು. “ತೌಬಾ ತೌಬಾ! ಜಲ್ಮಾಪೂರ್ತಿ ಮಕ್ಕಳಿಗೆ ಲ ಬ್ಯಾರೆ, ಳ ಬ್ಯಾರೆ ಅಂತ ಬಡದು ಬಡದು ಕಲಿಸೀನಿ. ಕಡೀಕ ನನಗ ಬಂದು ಬಡೀತಲ್ಲೋ ಇದು!” ಅವರ ಕೈಚೀಲದಿಂದ ಸುಟ್ಟ ಗಾಯದ ಮುಲಾಮು ಹೊರಬಿತ್ತು. ವೀರೇಶರ ಕಂಕುಳಲ್ಲಿ ಒಂದು ಹೊಸ ಗುಲಾಬಿ ಬಣ್ಣದ ಪರದೆ. ಟೀಚರ್ ಮನೆಯಲ್ಲಿ ಆಲಿಯಾಗೆ ಒಂದು ಕೋಣೆ ಸಿದ್ಧವಾಗಿತ್ತಂತೆ. ಅಲ್ಲಿ ಸೊಳ್ಳೆ ಜಾಸ್ತಿಯಂತೆ.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಮಾಳಿಗೆಯಿಂದ ಇಳಿದು ಬಂದ ಗಿರಿಜಾ, ಟೀಚರ್ ಫೋನು ಇಸಿದುಕೊಂಡು ನಾನು ಬರೆದದ್ದನ್ನು ಎಲ್ಲರೆದುರು ಓದಿದಳು. ಆ ಸಾಹಿತ್ಯಕ್ಕೆ ಈಗ ಯಾರೂ ಅಳಲಿಲ್ಲ. ಅತ್ತೆಯ ಮುಖ ಮಾತ್ರ ಇಳಿಯುತ್ತ ಹೋಯಿತು.

“ನಾ ಕೈ ಸುಡ್ತೀನಿ ಅಂತ ಬರದ್ರ್ಯಾ ಅಳಿಯಾರ?” ಎಂದರು. “ನಾಕ ತಾಲೂಕಿಗೆ?”

“ಹಂಗಲ್ಲತ್ತೀ, ಹೊಗಳಿ ಬರದದ್ದು...”

“ಇಷ್ಟ ವರ್ಷ ಉಣ್ಣಾಕ ಹಾಕಿದ್ದಕ್ಕ ಒಬ್ಬರು ಒಂದು ಮಾತು ಆಡಿದ್ದಿಲ್ಲ ನನಗ.” ಸೆರಗಿನ ತುದಿ ಕಣ್ಣಿಗೆ ಹೋಯಿತು.

ನನ್ನ ಎಂ.ಎ. ಪದವಿ, ನನ್ನ ಶೈಲಿ, ನನ್ನ ಟವೆಲು ಯಾವುದೂ ಆಗ ಉಪಯೋಗಕ್ಕೆ ಬರಲಿಲ್ಲ. ಅನಸೂಯಮ್ಮನ ಮುಂದೆ, ಹಿಟ್ಟಿನ ಡಬ್ಬಿಯವರ ಮುಂದೆ, ಅತ್ತೆ ಹಾಗೆ ನಿಂತದ್ದನ್ನು ನೋಡಿ ನನಗೆ ನಿಜವಾಗಿಯೂ ಎಲ್ಲಾದರೂ ಬಸ್ ಹತ್ತಿ ಹೋಗಬೇಕೆನಿಸಿತು. ಬಸ್ಸು ಆಗಲೇ ಹೋಗಿತ್ತು.

ಕಾಪಾಡಿದ್ದು ಅತ್ತೆಯೇ. ಕಣ್ಣೊರೆಸಿಕೊಂಡು, ಬಂದವರಿಬ್ಬರನ್ನೂ ನೋಡಿ, “ದೂರದಿಂದ ಬಂದೀರಿ, ಹಸದಿರತೀರಿ. ಮದಲ ಉಣ್ರಿ. ಬೈಯೂದು ಆಮ್ಯಾಲ” ಎಂದರು.

ಪಡಸಾಲೆಯಲ್ಲಿ ತಾಟು ಬಿದ್ದವು. ಎಣ್ಣೆಗಾಯಿ, ಹೆಸರುಬೇಳೆ ಪಲ್ಯ, ಹೋಳಿಗೆ. ಓಣಿಯ ಜನ ಕಿಟಕಿಗೆ ಮುಖ ಒತ್ತಿ ನಿಂತರು. ಎರಡು ಹೋಳಿಗೆ ಆದ ಮೇಲೆ ಟೀಚರ್, “ಬಸ್ಸ್ ಬಸ್ಸ್, ಸಾಕ್ರಿ” ಎಂದು ತಾಟಿನ ಮೇಲೆ ಕೈ ಅಡ್ಡ ಹಿಡಿದರು.

ನಾನು ಕೂಗಬೇಕೆಂದುಕೊಂಡೆ. ತಡವಾಯಿತು.

“ಹಾಯ್ ಅಲ್ಲಾ!”

ಮುಲಾಮು ಹೀಗೆ ಕೊನೆಗೂ ಉಪಯೋಗಕ್ಕೆ ಬಂತು. ವೀರೇಶ ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೂರನೆಯ ಹೋಳಿಗೆಯನ್ನು ಮೌನವಾಗಿ ಹಾಕಿಸಿಕೊಂಡರು. ಹೆಸರಿಗೆ ತಕ್ಕ ಮನುಷ್ಯ. ಟೀಚರ್ ತುಪ್ಪ ಸೋರುವ ಕೈಯ ಫೋಟೋ ಹೊಡೆದು ಗುಂಪಿಗೆ ಹಾಕಿದರು: ‘ಆಲಿಯಾ ಇಲ್ಲ. ಅಳಿಯ ಅದಾನ. ಅತ್ತಿ ದೇವರಂಥಾಕಿ. ತುಪ್ಪ ಖರೇ.’ ಅದನ್ನು ಗಿರಿಜಾ ಕಿಟಕಿಯವರಿಗೂ ಓದಿ ಹೇಳಿದಳು. ಅನಸೂಯಮ್ಮ, “ನಾ ಆವತ್ತ ಅಂದಿದ್ದೆ” ಎಂದರು.

ಅತ್ತೆಯ ಮುಖ ಅರಳಿತು. ಅವರ ಹೆಸರು ಉಳಿಯಿತು. ನನ್ನದು ಹೋಗುವುದಕ್ಕೆ ಶುರುವಾದದ್ದು ಅಲ್ಲಿಂದ.

“ತಪ್ಪು ತಿಳಿಬ್ಯಾಡ್ರಿ ಟೀಚರ್” ಎಂದರು ಅತ್ತೆ. “ಕಣ್ಣು ಮಂಜ ಆಗ್ಯಾವ. ತುಪ್ಪಾ ಬಿಡೂ ಮುಂದ ತಾಟು ಯಾವುದೋ ಕೈ ಯಾವುದೋ ಗೊತ್ತಾಗಂಗಿಲ್ಲ.”

ನಾನು ಕೈಯಲ್ಲಿದ್ದ ಹೋಳಿಗೆಯನ್ನು ಕೆಳಗಿಟ್ಟೆ. ಇಷ್ಟು ವರ್ಷ ನನ್ನ ಕೈಯ ಮೇಲೆ ಸುರಿದದ್ದು ಪ್ರೀತಿಯಲ್ಲ. ಕಣ್ಣಿನ ಪೊರೆ!

“ಅವ್ವಾ, ಯುಗಾದಿಗೆ ಇವರ ಚೀಲಾ ಬಚ್ಚಿಟ್ಟಿದ್ದೇನು?” ಗಿರಿಜಾ ಕೇಳಿದಳು. ಅವಳ ದನಿ ವಿಪರೀತ ಮೃದುವಾಗಿತ್ತು.

“ನಾ ಯಾಕ ಬಚ್ಚಿಡ್ಲಿ? ಕಸಾ ಹೊಡಿಯಾಕ ಅಡ್ಡಿತ್ತು. ತಲಬಾಗಲ ಹಂತೇಕ ಇಟ್ಟಿದ್ದೆ. ಹೋಗೂ ಮುಂದ ಕೈಗೆ ಸಿಗ್ಲಿ ಅಂತ.”

ಟೀಚರ್ ಕೈಗೆ ಮುಲಾಮು ಹಚ್ಚಿಕೊಳ್ಳುತ್ತ ನೆಟ್ಟಗೆ ಕೂತರು. “ನಮ್ಮ ಗುಂಪಿನ ನಿಯಮ ಐತ್ರೀ. ಹೆಸರಿನ ಹಿಂದಿನ ಕಥಿ ಖರೇ ಇರಬೇಕು. ಇವರಿಗೆ ಗಂಗಾವತಿ ಅಳಿಯ ಅಂತ ಯಾಕ ಅಂದ್ರಿ, ನೀವಾ ಹೇಳ್ರಿ.”

“ಬ್ಯಾಡ ಬಿಡ್ರಿ ಅದು” ಎಂದರು ಅತ್ತೆ.

“ಹೇಳ್ರಿ ಅತ್ತೀ” ಎಂದೆ ನಾನು. ನನಗೆ ಉಳಿದಿದ್ದ ಆಸ್ತಿ ಅದೊಂದೇ. “ಹಬ್ಬದಾಗ, ಎಲ್ಲಾರ ಮುಂದ, ಎಷ್ಟು ಹೆಮ್ಮಿಲೆ ಕರದಿದ್ರಿ!”

ಅತ್ತೆ ಮಾವನ ಮುಖ ನೋಡಿದರು. ಮಾವ ರಸ್ತೆ ನೋಡಿದರು.

“ಓಣ್ಯಾಗ ಮಂದಿ ಕೇಳ್ತಿದ್ರು, ನಿಮ್ಮ ಸಣ್ಣಳಿಯ ಯಾ ಊರವ್ರು ಅಂತ. ಕೊಪ್ಪಳದವ್ರು ಅಂದ್ರ ಯಾರೂ ನಂಬವಲ್ರು. ಯಾವಾಗ ನೋಡಿದ್ರೂ ಇಲ್ಲೇ ಅದಾರಲ್ಲ ಅಂತಿದ್ರು.” ಅತ್ತೆ ದನಿ ತಗ್ಗಿಸಿದರು. “ಮನಿ ಅಳಿಯ ಅನ್ನಾಕ ನನಗ ಬಾಯಿ ಬರಲಿಲ್ರಿ. ಓದಿದವ್ರು, ಬ್ಯಾಸರ ಮಾಡ್ಕೊಂತೀರಿ. ಅದಕ್ಕ ಗಂಗಾವತಿ ಅಳಿಯ ಅಂದೆ.”

ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು. ಗಿರಿಜಾ ಅಡುಗೆಮನೆಗೆ ಓಡಿದಳು. ಒಳಗಿನಿಂದ ಬಂದ ಸದ್ದು ಅಳುವಿನದಲ್ಲ.

ಮೂಲ ಆಕರವೇ ಬಾಯಿಬಿಟ್ಟ ಮೇಲೆ ಇತಿಹಾಸಕಾರನಿಗೆ ಕೆಲಸವೇನು? ಚೀಲ ಹುಡುಕಿದೆ. ತಲಬಾಗಿಲ ಬಳಿಯೇ ಇತ್ತು. ನಾನು ಹೊರಟಾಗ ಮಾವನವರು ಎದ್ದು ಚಪ್ಪಲಿ ಮೆಟ್ಟಿದರು. ಬಸ್ ನಿಲ್ದಾಣದವರೆಗೆ ಬಂದರು. ಕಿಟಕಿಯಿಂದ ಟವೆಲು ಹಾಕಿ ನನಗೂ ಗಿರಿಜಾಳಿಗೂ ಸೀಟು ಹಿಡಿದುಕೊಟ್ಟರು. ಬಸ್ಸು ಹೊರಟಾಗ ಕೈ ಬೀಸಿದರು. ಬಸ್ಸುಗಳ ಮೇಲಿನ ಅವರ ಪ್ರೀತಿಯ ಅರ್ಥ ನನಗೆ ಅಂದು ಪೂರ್ತಿ ಆಯಿತು.

ಗಿರಿಜಾಳ ತೊಡೆಯ ಮೇಲೆ ವೀರೇಶ ತಂದಿದ್ದ ಗುಲಾಬಿ ಪರದೆ ಇತ್ತು. “ಇಟಗೊಂಡೀನಿ” ಎಂದಳು. “ಇನ್ನ ಮ್ಯಾಲ ರವಿವಾರಾನೂ ಕೊಪ್ಪಳದಾಗ ಮಲಗಬೇಕಲ್ಲ ನೀವು.”

ನಾನು ಫೋನು ತೆಗೆದೆ. ಮೊದಲು ಆ ಹೆಸರು ಬದಲಾಗಬೇಕು. ನಿಯಮದ ಪ್ರಕಾರ ನನಗೆ ಸಲ್ಲಬೇಕಾದ, ಸರಳವಾದ, ಸತ್ಯವಾದ ಹೆಸರು ಬರೆದೆ: ಕೊಪ್ಪಳ ಅಳಿಯ. ಎ, ಎಲ್, ಐ, ವೈ, ಎ.

‘ಈ ಹೆಸರು ಈಗಾಗಲೇ ಬಳಕೆಯಲ್ಲಿದೆ.’

ನನ್ನ ಊರಿನಲ್ಲೇ ನನ್ನ ಹೆಸರನ್ನು ಕಸಿದ ಆ ಇನ್ನೊಬ್ಬ ಅಳಿಯ ಯಾರು? ಸಿಟ್ಟಿನಿಂದ ಸಂದೇಶ ಕಳಿಸಿದೆ: ‘ತಾವು ಯಾರ ಮನೆಯ ಅಳಿಯಂದಿರು ಎಂದು ತಿಳಿಯಬಹುದೇ?’

ಉತ್ತರ ಕೂಡಲೇ ಬಂತು. ಅದೂ ಅಚ್ಚ ಕನ್ನಡ ಅಕ್ಷರದಲ್ಲಿ.

‘ಅಂಕಲ್, ನಾ ಯಾರ ಮನಿ ಅಳಿಯಾನೂ ಅಲ್ರಿ. ನನ್ನ ಹೆಸರು ಆಲಿಯಾ. ಊರು ಕೊಪ್ಪಳ.’

ಇಷ್ಟು ದಿನ ನಾಲ್ಕು ತಾಲೂಕಿನವರು ನನ್ನನ್ನು ಹುಡುಗಿ ಎಂದುಕೊಂಡಿದ್ದರು. ಈಕೆ ಒಂದೇ ಸಾಲು ಓದಿ ಅಂಕಲ್ ಎಂದಳು!

‘ಈ ಹೆಸರಿನ ಹಿಂದೆ ಏನಾದರೂ ಕಥೆ ಇದೆಯೇನಮ್ಮಾ?’ ಎಂದು ಕೇಳಿದೆ.

‘ಇಲ್ರಿ ಅಂಕಲ್. ಬರೀ ಹೆಸರು.’

ಇದೆಲ್ಲ ಆಗಿ ಕೆಲವು ವಾರ ನಾನು ಕೊಪ್ಪಳದಲ್ಲೇ ಇದ್ದೆ. ಪರದೆಯೊಳಗೆ ಸೊಳ್ಳೆ ಬರುವುದಿಲ್ಲ, ನಿದ್ದೆಯೂ ಬರುವುದಿಲ್ಲ. ಗಿರಣಿಯ ಸದ್ದಿಲ್ಲವಲ್ಲ. ಮೊನ್ನೆ ಅತ್ತೆ ಫೋನು ಮಾಡಿದ್ದರು. ಕಣ್ಣಿನ ಪೊರೆ ತೆಗೆಸಿಕೊಂಡರಂತೆ, ಈಗ ಎಲ್ಲ ನಿಚ್ಚಳ ಕಾಣುತ್ತದಂತೆ. “ಬರ್ರಿ ಅಳಿಯಾರ, ತಾಟಿಗೇ ಹಾಕ್ತೀನಿ” ಎಂದರು. ಕನಿಷ್ಠ ನನಗೆ ಹಾಗೆ ಕೇಳಿಸಿತು. ಅವರು ಕರೆದದ್ದು ಗಿರಿಜಾಳನ್ನು, ನನ್ನನ್ನಲ್ಲ ಎಂದು ಗಿರಿಜಾ ವಾದಿಸುತ್ತಿದ್ದಾಳೆ.

ಯೂಸರ್‌ನೇಮ್ ಹಾಗೇ ಇದೆ. ಬದಲಿಸಿಲ್ಲ. ಚೀಲ ಬಾಗಿಲ ಹತ್ತಿರ ಇದೆ.

ನಾಳೆ ಶನಿವಾರ.